ಬಣ್ಣದವನು ಗಂಡನ ಹತ್ತಿರ ಮಾತಾಡಬಾರದಿತ್ತು

ಭೀಮನಿಗೆ ಬಣ್ಣ ಹಚ್ಚೋದು ಸುಲಭ. ಮೀಸೆ ಸ್ವಲ್ಪ ಆಚೀಚೆ ಆದರೂ ಯಾರೂ ಕೇಳುವುದಿಲ್ಲ. ಗದೆ ಎತ್ತಿದರೆ ಸಾಕು, ಸಿಳ್ಳೆ ಬೀಳುತ್ತದೆ. ಆದರೆ ಒಂದು ಹೆಂಗಸಿನ ಕುತ್ತಿಗೆಯ ಮೇಲೆ ನಾಲ್ಕು ದಿನ ಹಳೆಯ ಏಟಿನ ಗುರುತು ಬರೆಯಿರಿ ನೋಡೋಣ. ಜಾಸ್ತಿ ಆದರೆ ದೆವ್ವದ ನಾಟಕ ಅನ್ನಿಸುತ್ತದೆ. ಕಡಿಮೆ ಆದರೆ ಮೂರನೇ ಸಾಲಿನವರಿಗೇ ಕಾಣುವುದಿಲ್ಲ, ಹಿಂದೆ ಕುರ್ಚಿ ಸಿಗದೆ ನಿಂತವರ ಮಾತು ಬಿಡಿ.

ನಾನು ಬಳ್ಳಾರಿ ಕಡೆ ನಾಟಕಗಳಿಗೆ ಮೇಕಪ್ ಮಾಡುವವನು. ಬಯಲಾಟದವರ ಹತ್ತಿರ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ ಕಲಸುತ್ತಾ ಕೆಲಸ ಕಲಿತೆ. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಈಗ ಪ್ಯಾನ್ ಕೇಕ್, ಲೇಟೆಕ್ಸ್, ಸ್ಪಿರಿಟ್ ಗಮ್. ಪೆಟ್ಟಿಗೆ ಬದಲಾಯಿತು, ಸಂಭಾವನೆ ಮಾತ್ರ ಅಲ್ಲೇ ಇದೆ. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ಹೋದ ಬೇಸಿಗೆಯಲ್ಲಿ ಒಂದು ತಂಡದವರು ಥ್ರಿಲ್ಲರ್ ನಾಟಕ ಎತ್ತಿಕೊಂಡರು. ಒಂದೇ ವಠಾರದ ಮೂರು ಮನೆಯ ಹೆಂಗಸರ ಕಥೆ. ನಡುವಿನ ಮನೆಯ ಗಂಡ ಬೀದಿಗೆಲ್ಲಾ ಬೇಕಾದ ಮನುಷ್ಯ. ಗಣೇಶನ ಹಬ್ಬದ ಚಂದಾ ಮೊದಲು ಕೊಡುವವನು. ಗೋಡೆಯ ಆ ಕಡೆ ಏನು ನಡೆಯುತ್ತಿದೆ ಅಂತ ಅಕ್ಕಪಕ್ಕದ ಇಬ್ಬರಿಗೆ ನಿಧಾನಕ್ಕೆ ಅನುಮಾನ ಬರುತ್ತದೆ. ಕೊನೆಗೆ ಮೂವರೂ ಸೇರಿ ಅವನನ್ನು ಊಟದ ಮಣೆಯ ಮೇಲೆ ಕೂರಿಸಿ ಪ್ರಶ್ನೆ ಕೇಳುತ್ತಾರೆ. ನಾಟಕದ ಹೆಸರೂ ಬೇಡ, ತಂಡದ ಹೆಸರೂ ಬೇಡ. ಹೆಂಡತಿಯ ಪಾತ್ರಕ್ಕೆ ಗಿರಿಜಾ ಅಂತ ಹೆಸರಿತ್ತು. ಆ ಪಾತ್ರ ಮಾಡಿದ ಹುಡುಗಿಯನ್ನೂ ಇಲ್ಲಿ ಹಾಗೇ ಕರೆಯುತ್ತೇನೆ.

ಹವ್ಯಾಸಿ ತಂಡ ಅಂದ ಮೇಲೆ ಗೊತ್ತಲ್ಲ. ಒಬ್ಬ ಬ್ಯಾಂಕು, ಒಬ್ಬ ಜೀನ್ಸ್ ಯೂನಿಟ್ಟು, ಒಬ್ಬರು ಅಂಗನವಾಡಿ ಟೀಚರ್. ಎಲ್ಲರೂ ಸೇರುವ ಹೊತ್ತಿಗೆ ರಾತ್ರಿ ಎಂಟು. ನಿರ್ದೇಶಕ ರಂಗಶಿಕ್ಷಣ ಮುಗಿಸಿ ಬಂದ ಹುಡುಗ, ಬುದ್ಧಿವಂತ. ಕರಪತ್ರದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿದ್ದ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 44 ಮಂದಿ ಗಂಡನಿಂದ ಹಿಂಸೆ ಕಂಡಿದ್ದಾರೆ, ದೇಶದಲ್ಲೇ ಇದು ಜಾಸ್ತಿ. ಆ ಕರಪತ್ರದ ಪ್ರೂಫ್ ನೋಡಿದ್ದು ನಾನೇ. ‘ಹಿಂಸೆ’ಯಲ್ಲಿ ಬಿಂದು ಬಿಟ್ಟು ಹೋಗಿತ್ತು, ಹಾಕಿಸಿದೆ. ನಮ್ಮ ತಂಡದಲ್ಲೂ ಮದುವೆಯಾದ ಹೆಂಗಸರಿದ್ದಾರೆ ಅನ್ನುವ ಲೆಕ್ಕ ನಮ್ಮ ಯಾರ ತಲೆಗೂ ಬರಲಿಲ್ಲ.

ಕಥೆ ನಡೆಯುವುದು ಎರಡು ವಾರದ ಅವಧಿಯಲ್ಲಿ. ಹಾಗಾಗಿ ಗಿರಿಜೆಯ ಕುತ್ತಿಗೆಯ ಗುರುತು ದೃಶ್ಯದಿಂದ ದೃಶ್ಯಕ್ಕೆ ಹಳೆಯದಾಗಬೇಕು. ಮೊದಲು ಕೆಂಪು, ಆಮೇಲೆ ನೀಲಿ ನೇರಳೆ, ಐದಾರು ದಿನಕ್ಕೆ ಹಸಿರು, ಆಮೇಲೆ ಹಳದಿಯಾಗಿ ಕರಗಬೇಕು. ಯೂಟ್ಯೂಬಿನಲ್ಲಿ ತೋರಿಸುವುದೆಲ್ಲಾ ಬಿಳಿ ಚರ್ಮದ ಮೇಲೆ. ನಮ್ಮ ಬಿಸಿಲಿನ ಚರ್ಮದ ಮೇಲೆ ಕೆಂಪು ಅಷ್ಟು ಏಳುವುದೇ ಇಲ್ಲ, ಬರೀ ಕಪ್ಪಗೆ ಕಾಣುತ್ತದೆ. ಜೊತೆಗೆ ಲೈಟಿನವನ ಕಾಟ. ಲೈಟಿನ ಮುಂದೆ ನೀಲಿ ಜೆಲ್ ಹಾಳೆ ಹಾಕಿದರೆ ನನ್ನ ಕೆಂಪು ಕಪ್ಪಾಗುತ್ತದೆ. ಆಂಬರ್, ಅಂದರೆ ಹಳದಿ ಕಿತ್ತಳೆ ಬೆಳಕು, ಹಾಕಿದರೆ ಹಳದಿ ಮಾಯ. ‘ಮೂಡ್ ಬೇಕಲ್ಲಣ್ಣ’ ಅಂತಾನೆ. ಮೂಡಿಗೇನು, ನನ್ನ ಕೆಲಸ ಕಾಣಬೇಡವೇ?

ಒಂದು ರಾತ್ರಿ ತಾಲೀಮಿನಲ್ಲಿ ಮೊದಲ ಸಲ ಗುರುತು ಬರೆದೆ. ಬೆರಳಿನ ಅಚ್ಚು ಅಂತ ಉದ್ದುದ್ದ ಗೆರೆ ಎಳೆದಿದ್ದೆ. ಗಿರಿಜೆ ಕನ್ನಡಿ ನೋಡಿ ತಲೆ ಆಡಿಸಿದಳು.

‘ಹಂಗಲ್ಲ ಅಣ್ಣಾ. ಗೆರಿ ಬರಂಗಿಲ್ಲ. ಬೆರಳಿನ ತುದಿ ಅಷ್ಟೇ ಒತ್ತೋದು, ದುಂಡಗ ಬರ್ತಾವು. ಈ ಕಡಿ ನಾಕು, ಆ ಕಡಿ ಹೆಬ್ಬಟ್ಟು ಒಂದು. ಮತ್ತ ಹಳದಿ ನಡುವ ಬರಂಗಿಲ್ಲ, ಅಂಚಿಗೆ ಮೊದಲು ಬರ್ತೈತಿ.’

ಒರೆಸಿ ಮತ್ತೆ ಬರೆದೆ. ಸ್ಟಿಪಲ್ ಸ್ಪಂಜಿನಲ್ಲಿ ದುಂಡಗೆ ಒತ್ತಿ, ಅಂಚಿಗೆ ಹಳದಿ ತೀಡಿದೆ. ಎದ್ದು ಬಂತು ನೋಡಿ! ನಿರ್ದೇಶಕನೂ ಖುಷಿಯಾದ. ನಾನು ಎಲ್ಲರ ಮುಂದೆ ಹೇಳಿದೆ: ‘ಕಲಾವಿದರು ಅಂದ್ರೆ ಹಿಂಗಿರಬೇಕು. ಎಷ್ಟು ಗಮನ ಇಟ್ಟು ನೋಡ್ಯಾಳ ನೋಡ್ರಿ.’ ಕೆಲವರು ಚಪ್ಪಾಳೆ ಕೂಡ ತಟ್ಟಿದರು. ಗಿರಿಜೆ ನಕ್ಕಳು.

ಎಲ್ಲಿ ನೋಡಿದ್ದಾಳೆ ಅಂತ ನಾನು ಕೇಳಲಿಲ್ಲ. ಮೇಕಪ್ಪಿನವನಿಗೆ ತನ್ನ ಕಣ್ಣಿನ ಮೇಲೆ ಒಂದು ಜಂಬ ಇರುತ್ತದೆ. ಮುಖ ನೋಡಿ ರಾತ್ರಿ ನಿದ್ದೆ ಮಾಡಿದ್ದಾರಾ, ಕುಡಿದಿದ್ದಾರಾ ಅಂತ ಹೇಳಬಲ್ಲೆ ನಾನು. ಏಪ್ರಿಲ್ ಬಿಸಿಲಲ್ಲಿ ಅವಳು ತುಂಬುತೋಳಿನ ರವಿಕೆ ಹಾಕಿ ಬರುತ್ತಿದ್ದದ್ದೂ ನೋಡಿದ್ದೆ. ಪಾತ್ರದೊಳಗೆ ಇಳಿದಿದ್ದಾಳೆ ಅಂದುಕೊಂಡೆ.

ಇನ್ನು ಅವಳ ಗಂಡ. ದಿನಾ ಬೈಕಿನಲ್ಲಿ ಬಿಡುತ್ತಿದ್ದ, ತಾಲೀಮು ಮುಗಿಯುವವರೆಗೆ ಮೂಲೆಯಲ್ಲಿ ಕೂತು, ಜೊತೆಗೇ ಕರೆದುಕೊಂಡು ಹೋಗುತ್ತಿದ್ದ. ಬರುವಾಗ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು ಎಲ್ಲರಿಗೂ ಹಂಚುತ್ತಿದ್ದ. ನನ್ನನ್ನು ‘ಅಣ್ಣಾವ್ರೆ’ ಅಂತಲೇ ಕರೆಯುತ್ತಿದ್ದ. ಬಳ್ಳಾರಿ ರಾಘವ (1880–1946) ವಕೀಲಿಕೆ ಮಾಡುತ್ತಲೇ ನಾಟಕ ಆಡಿದವರು, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬರಬೇಕು ಅಂತ ಆ ಕಾಲದಲ್ಲೇ ಹಟ ಹಿಡಿದವರು. ಅವರ ಊರಿನಲ್ಲಿ ಇವತ್ತಿಗೂ ನಟಿ ಸಿಗುವುದು ಕಷ್ಟ. ಸಿಕ್ಕರೂ ಮನೆಯವರು ಒಪ್ಪಬೇಕು. ಹಾಗಿರುವಾಗ ಹೆಂಡತಿಯನ್ನು ತಾನೇ ಕರೆತರುವ ಗಂಡ ಅಂದರೆ ತಂಡಕ್ಕೆ ದೇವರಿದ್ದ ಹಾಗೆ. ‘ಇಂಥ ಗಂಡ ಸಿಗಬೇಕು ನೋಡವಾ’ ಅಂತ ಬೇರೆ ಹುಡುಗಿಯರಿಗೆ ಹೇಳಿದವನೂ ನಾನೇ. ಅವನು ಮೂಲೆಯಲ್ಲಿ ಕೂರುವುದು ಕಾಯಲಿಕ್ಕೋ ಕಾವಲಿಗೋ ಅಂತ ಯೋಚನೆ ಮಾಡಲಿಲ್ಲ.

ಒಂದು ದಿನ ಕರೆಂಟು ಹೋಯಿತು. ನಾನು ಅವಳ ಕುತ್ತಿಗೆಗೆ ಗುರುತು ಬರೆಯುತ್ತಿದ್ದೆ. ಮೊಬೈಲ್ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತವನು ಅವನೇ. ಬರೆದು ಮುಗಿಸಿದ ಮೇಲೆ ಬಗ್ಗಿ ನೋಡಿ ಹೇಳಿದ: ‘ಭಾಳ ಛಲೋ ಬಂದೈತಿ ಅಣ್ಣಾವ್ರೆ.’

ಪ್ರದರ್ಶನಕ್ಕೆ ವಾರ ಇರುವಾಗ ಗಿರಿಜೆಯ ದನಿ ಕೂತಿತು. ಗೊಗ್ಗರು ದನಿ, ನುಂಗಲೂ ಕಷ್ಟ. ಕಂಪನಿ ನಾಟಕದ ಹಳಬರು ಮಾಡುವ ಉಪಾಯ ಮಾಡಿದೆ, ಜೇಷ್ಠಮಧು ಕೊಟ್ಟು ಬಾಯಲ್ಲಿ ಇಟ್ಟುಕೋ ಅಂದೆ. ನಿರ್ದೇಶಕ ಬಿಸಿನೀರು ಅಂದ. ಗಂಡ ‘ಒದರಿ ಒದರಿ ಹಿಂಗ ಮಾಡ್ಕೊಂಡಾಳ’ ಅಂದ. ಕುತ್ತಿಗೆ ಹಿಸುಕಿದರೂ ದನಿ ಹೀಗೇ ಕೂರುತ್ತದೆ. ಹೊರಗೆ ಒಂದು ಗುರುತೂ ಕಾಣದೆ ಇರಬಹುದು, ಆದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಜೀವಕ್ಕೇ ಅಪಾಯ ಇದೆ ಅನ್ನುವ ದೊಡ್ಡ ಸೂಚನೆ ಇದು. ಇದು ನನಗೆ ಗೊತ್ತಾಗಿದ್ದು ಆಮೇಲೆ. ಆಗ ನಾನು ಜೇಷ್ಠಮಧು ಕೊಟ್ಟಿದ್ದೆ.

ಪ್ರದರ್ಶನದ ದಿನ. ನಾಟಕದ ಹಾಲ್ ಯಾವುದು ಅಂತ ಹೇಳುವುದಿಲ್ಲ. ಗ್ರೀನ್ ರೂಮಿನಲ್ಲಿ ಒಂದೇ ಫ್ಯಾನು, ಅದಕ್ಕೂ ರೆಗ್ಯುಲೇಟರ್ ಇಲ್ಲ. ಪ್ಯಾನ್ ಕೇಕ್ ಹಚ್ಚಿದ ಹಾಗೆ ಬೆವರಿನಲ್ಲಿ ಇಳಿಯುತ್ತಿತ್ತು. ವ್ಯವಸ್ಥಾಪಕರು ಬೊಕೆಗೆ ದುಡ್ಡು ಇಟ್ಟಿದ್ದರು, ಕೂಲರಿಗೆ ಇಟ್ಟಿರಲಿಲ್ಲ.

ಆರನೇ ದೃಶ್ಯ ಫ್ಲಾಶ್‌ಬ್ಯಾಕು. ಮದುವೆಯಾದ ಹೊಸದು, ಕುತ್ತಿಗೆ ತಿಳಿಯಾಗಿರಬೇಕು. ಐದು ಮುಗಿದು ಆರು ಶುರುವಾಗುವ ನಡುವೆ ಒಂದು ಸೋಬಾನೆ ಹಾಡು ಇಟ್ಟಿದ್ದರು. ಆ ಹಾಡು ಮುಗಿಯುವಷ್ಟರಲ್ಲಿ ನಾನು ಎಲ್ಲಾ ಒರೆಸಿ ಮತ್ತೆ ಬೇಸ್ ಹಾಕಬೇಕು. ಗಿರಿಜೆ ರಂಗದ ಪಕ್ಕದ ವಿಂಗಿನಿಂದ ಓಡಿ ಬಂದು ಸ್ಟೂಲ್ ಮೇಲೆ ಕೂತಳು. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಎಡಗಡೆ ಒರೆಸಿದೆ. ಹೋಯಿತು. ಬಲಗಡೆ ಒರೆಸಿದೆ. ನಾಲ್ಕು ದುಂಡು ಹೋದವು. ಕಿವಿಯ ಕೆಳಗೆ ಒಂದು ಉಳಿಯಿತು.

ಹತ್ತಿ ಬದಲಿಸಿ ಇನ್ನೊಂದು ಸಲ ಎಳೆದೆ. ಹತ್ತಿಗೆ ಏನೂ ಹತ್ತಲಿಲ್ಲ. ಬೆವರಿಗೆ ಬಣ್ಣ ಒಳಗೆ ಕೂತಿರಬೇಕು ಅಂದುಕೊಂಡು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿದೆ. ಅವಳು ಹಲ್ಲು ಕಚ್ಚಿ ನನ್ನ ಮುಂಗೈ ಹಿಡಿದಳು.

‘ಬಿಡ್ರಿ ಅಣ್ಣಾ. ಅದು ನಿಮ್ದಲ್ಲ.’

ಹೊರಗೆ ಎರಡನೇ ಚರಣ ಶುರುವಾಗಿತ್ತು. ನಾನು ಹಾಗೇ ನಿಂತೆ. ಮಾತು ಅರ್ಥವಾಗುವ ಮೊದಲೇ ಕಣ್ಣು ಕೆಲಸ ಮಾಡಿತು: ಅಂಚು ಹಳದಿ, ನಡುವೆ ಮಬ್ಬು ಹಸಿರು, ಸುಮಾರು ಒಂದು ವಾರದ್ದು. ಬರೀ ಬಣ್ಣ ನೋಡಿ ದಿನ ಹೇಳಲಿಕ್ಕಾಗದು ಅಂತ ಡಾಕ್ಟರುಗಳು ಹೇಳುತ್ತಾರೆ, ಸರಿಯೇ. ಆದರೆ ಒಂದು ವಾರದ ಹಿಂದೆ ಅವಳ ದನಿ ಕೂತಿದ್ದು ನನಗೆ ನೆನಪಿತ್ತಲ್ಲ. ತಾಲೀಮಿನಲ್ಲಿ ಅವಳು ಹೇಳಿಕೊಟ್ಟ ಪ್ರಕಾರ ನಾನು ಬರೆದ ದುಂಡುಗಳ ಪಕ್ಕದಲ್ಲಿ, ಅದೇ ಅಳತೆಯಲ್ಲಿ, ಅದೇ ಅಂಚಿನಲ್ಲಿ ಅದು ಕೂತಿತ್ತು.

ಆ ಹೊತ್ತಿಗೆ ನನ್ನ ಬಾಯಿಂದ ಬಂದ ಮಾತು ಇದು: ‘ಎಂಟ್ರಿ ಐತಿ. ಆಮೇಲೆ ಮಾತಾಡೋಣ.’

ಕೈ ತನ್ನ ಪಾಡಿಗೆ ತಾನು ನಡೆಯಿತು. ಹಳದಿಯ ಮೇಲೆ ನೇರಳೆ ಛಾಯೆ, ಅದರ ಮೇಲೆ ಅವಳ ಚರ್ಮದ ಬಣ್ಣದ ಪ್ಯಾನ್ ಕೇಕ್, ಮೇಲೆ ಪೌಡರ್. ಗುರುತು ಬರೆಯೋದಕ್ಕಿಂತ ಮುಚ್ಚೋದು ಸಲೀಸು, ನನ್ನ ಕೈಗೆ ಅದೇ ಹೆಚ್ಚು ರೂಢಿ. ಅವಳು ನಗುವ ಮದುಮಗಳಾಗಿ ಒಳಗೆ ಹೋದಳು.

ಏಳನೇ ದೃಶ್ಯಕ್ಕೆ ಹಳದಿ ಗುರುತು ಮತ್ತೆ ಬೇಕು. ಎಡಗಡೆ ಬರೆದೆ. ಬಲಗಡೆ ಕೈ ಹೋದಾಗ ಅವಳು, ‘ಅಲ್ಲಿ ಬರೀಬ್ಯಾಡ್ರಿ. ಮುಚ್ಚಿದ್ದನ್ನ ಒರೆಸ್ರಿ ಸಾಕು’ ಅಂದಳು. ಒರೆಸಿದೆ. ಮಣೆಯ ದೃಶ್ಯ ಅದು, ಮೂವರು ಹೆಂಗಸರು ಅವನನ್ನು ಕೂರಿಸಿ ಕೇಳುವ ದೃಶ್ಯ. ಅವಳು ತನ್ನದೇ ಗುರುತು ಹೊತ್ತು ರಂಗಕ್ಕೆ ಹೋದಳು. ಅವಳ ನಿಜವಾದ ಗಂಡ ಎರಡನೇ ಸಾಲಿನಲ್ಲಿ ಕೂತಿದ್ದ. ನಾನು ವಿಂಗಿನಲ್ಲಿ ಉಸಿರು ಹಿಡಿದು ನಿಂತಿದ್ದೆ. ಲೈಟಿನವನು ಆಂಬರ್ ಏರಿಸಿದ. ಕಡು ಮಾಡಿ ಬರೆದಿದ್ದ ನನ್ನ ಗುರುತು ಮಸುಕಾಗಿಯಾದರೂ ಕಂಡಿತು. ಅವಳದು ಪೂರ್ತಿ ಅಳಿಸಿಹೋಯಿತು. ಎಷ್ಟು ಸಲ ಜಗಳ ಆಡಿದ್ದೆ ಆ ಆಂಬರಿಗೆ!

ಚಪ್ಪಾಳೆ ಚೆನ್ನಾಗಿ ಬಿತ್ತು. ಎರಡನೇ ಸಾಲಿನಿಂದಲೂ ಬಿತ್ತು.

ಆಮೇಲೆ ಮಾಡಿದ್ದನ್ನು ಬರೆಯಲು ಇನ್ನೂ ಬೇಜಾರು. ಆಮೇಲೆ ಮಾತಾಡೋಣ ಅಂದಿದ್ದೆನಲ್ಲ, ಮಾತಾಡಿದೆ. ಅವಳ ಹತ್ತಿರ ಅಲ್ಲ, ಗಂಡನ ಹತ್ತಿರ. ಅವಳು ಸೀರೆ ಬದಲಿಸುತ್ತಿದ್ದಳು. ಅವನು ಬೈಕಿನ ಹತ್ತಿರ ನಿಂತಿದ್ದ. ಹಿರಿಯ ಅನ್ನುವ ಧೈರ್ಯ ನನಗೆ. ಹೆಗಲ ಮೇಲೆ ಕೈ ಹಾಕಿ, ‘ತಮ್ಮಾ, ಮನ್ಯಾಗ ಹೆಣ್ಣುಮಕ್ಕಳ ಮ್ಯಾಲ ಕೈ ಮಾಡಬಾರದು. ಒಳ್ಳೆ ಹುಡುಗಿ. ಛಂದಾಗಿ ನೋಡಿಕೋ’ ಅಂದೆ. ಅವನು ಸಿಟ್ಟಾಗಲಿಲ್ಲ. ನಗುತ್ತಲೇ ಕೇಳಿದ: ‘ಆಕಿ ಏನಾರ ಹೇಳಿದ್ಲಾ ಅಣ್ಣಾವ್ರೆ?’

‘ಏ ಇಲ್ಲ ಇಲ್ಲ, ನಾನೇ ನೋಡಿದೆ’ ಅಂದೆ. ಜಾಣ ಉತ್ತರ ಕೊಟ್ಟೆ ಅಂದುಕೊಂಡು ಮನೆಗೆ ಹೋಗಿ ನಿದ್ದೆಯನ್ನೂ ಮಾಡಿದೆ.

ಮುಂದಿನ ಪ್ರದರ್ಶನ ಸಿರುಗುಪ್ಪದಲ್ಲಿತ್ತು. ಗಿರಿಜೆಯ ಫೋನ್ ಸ್ವಿಚ್ ಆಫ್. ಆರೋಗ್ಯ ಸರಿ ಇಲ್ಲ, ಇನ್ನು ನಾಟಕಕ್ಕೆ ಬರೋದಿಲ್ಲ ಅಂತ ಗಂಡನಿಂದ ನಿರ್ದೇಶಕನಿಗೆ ಮೆಸೇಜು. ನಾನು ನಿರ್ದೇಶಕನಿಗೆ ಎಲ್ಲಾ ಹೇಳಿದೆ. ಹೆಂಗಸರ ಮೇಲಿನ ಹಿಂಸೆ ಅಂತ ಕರಪತ್ರ ಹಾಕಿಸಿದ ಹುಡುಗ ಹೇಳಿದ್ದು: ‘ಮನೆ ವಿಷಯ ಅಣ್ಣಾ. ಮೊದಲು ಬದಲಿ ನಟಿ ಹುಡುಕೋಣ.’ ತಂಡದ ಮ್ಯಾನೇಜರನಿಗೋ, ತಗೊಂಡ ಅಡ್ವಾನ್ಸ್ ವಾಪಸ್ ಕೊಡಬೇಕಾಗುತ್ತದೇನೋ ಅನ್ನುವ ಚಿಂತೆ. ಅವರನ್ನು ಬೈದು ಏನು ಮಾಡಲಿ, ಬೈಕಿನ ಹತ್ತಿರ ಹೋದವನು ನಾನು.

ಪಕ್ಕದ ಮನೆಯವಳ ಪಾತ್ರ ಮಾಡುತ್ತಿದ್ದ ಟೀಚರಮ್ಮನ ಕಿವಿಗೆ ವಿಷಯ ಬಿತ್ತು. ಅಂಗನವಾಡಿ ಟೀಚರ್ ಅಂದೆನಲ್ಲ, ಅವರೇ. ನನ್ನನ್ನು ಮೂಲೆಗೆ ಕರೆದು ಎಲ್ಲಾ ಕೇಳಿಸಿಕೊಂಡರು.

‘ನಿಮಗ ಹೇಳಿದ್ದು ಯಾರು?’

‘ಗಿರಿಜಾ.’

‘ನೀವು ಹೋಗಿ ಹೇಳಿದ್ದು ಯಾರಿಗೆ?’

ನಾನು ನೆಲ ನೋಡಿದೆ. ‘ಆಕಿ ಹೇಳಿದ್ಲಾ ಅಂತ ಯಾಕ ಕೇಳಿದಾ ಗೊತ್ತಾತೇನು? ಮನಿಗೆ ಹೋದ ಮ್ಯಾಲ ಮೊದಲು ಕೇಳಿದ್ದೂ ಅದನ್ನ. ನೀವು ಬಣ್ಣ ನೋಡ್ರಿ ಸಾಕು. ಉಳಿದದ್ದು ನಾ ನೋಡ್ತೀನಿ’ ಅಂದರು.

ಅವರು ಮಾಡಿದ ಕೆಲಸವನ್ನು ನಾನು ತುಂಬಾ ಸಲ ನೆನೆಸಿಕೊಂಡಿದ್ದೇನೆ. ಗಿರಿಜೆಗೆ ಸಣ್ಣ ಮಗು ಇದೆ. ಅವರ ಏರಿಯಾದ ಅಂಗನವಾಡಿ ಟೀಚರ್ ಇವರ ಗೆಳತಿ. ಮಗುವಿನ ತೂಕ ನೋಡಬೇಕು, ಕರೆದುಕೊಂಡು ಬಾ ಅಂತ ಹೇಳಿ ಕಳಿಸಿದರು. ತೂಕಕ್ಕೆ ಯಾವ ಗಂಡ ಬೇಡ ಅಂತಾನೆ? ಅಂಗನವಾಡಿಯ ಒಳಗೆ ಬಂದು ಯಾವ ಗಂಡ ಕೂರ್ತಾನೆ? ಮಗು ತಕ್ಕಡಿಯಲ್ಲಿರುವಾಗ ಟೀಚರಮ್ಮ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರಂತೆ: ನಿನಗೇನು ಬೇಕು? ನಾವು ಯಾರೂ ಕೇಳದಿದ್ದ ಪ್ರಶ್ನೆ. ಅವನು ಜೈಲಿಗೆ ಹೋಗೋದು ಬೇಡ, ಹೊಡೆಯೋದು ನಿಲ್ಲಬೇಕು, ಮಗು ನನ್ನ ಹತ್ತಿರ ಇರಬೇಕು ಅಂದಳಂತೆ.

ಅಂಗನವಾಡಿ ಟೀಚರುಗಳಿಗೆ ಮೇಲಿನ ಅಧಿಕಾರಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆ ಅಂತ 2005ರಲ್ಲಿ ಆದ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಒಬ್ಬರಿರುತ್ತಾರೆ, ನಮ್ಮ ರಾಜ್ಯದಲ್ಲಿ ಆ ಕೆಲಸ ಸಿಡಿಪಿಒ ಅವರದೇ. ತಿಂಗಳ ಮೀಟಿಂಗಿಗೆ ಹೋಗಿ ಮೊಟ್ಟೆ, ಹಾಲಿನ ಪುಡಿ ಲೆಕ್ಕ ಕೊಡುವ ಆಫೀಸು ಅದು, ಟೀಚರಮ್ಮನಿಗೆ ದಾರಿ ಗೊತ್ತಿತ್ತು. ಗಿರಿಜೆ ಒಪ್ಪಿದ ಮೇಲೆ ಅಲ್ಲಿ ಕೌಟುಂಬಿಕ ಘಟನಾ ವರದಿ ಬರೆಸಿದರು. ಈ ಕಾಯ್ದೆ ಸಿವಿಲ್ ಬಗೆಯದು. ಮ್ಯಾಜಿಸ್ಟ್ರೇಟರ ಹತ್ತಿರ ರಕ್ಷಣೆಯ ಆದೇಶ, ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ಹಣ, ಮಗುವಿನ ವಶ ಕೇಳಬಹುದು. ಆದೇಶ ಮೀರಿದರೆ ಆಗ ಅದು ಅಪರಾಧ. ಗಂಡನ ಕ್ರೌರ್ಯಕ್ಕೆ ನೇರ ಕೇಸು ಬೇಕಾದರೆ ಬೇರೆ ಇದೆ, ಹಳೆಯ ದಂಡ ಸಂಹಿತೆಯ 498ಎ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 85. ಯಾವುದು ಬೇಕು ಅಂತ ಅವಳು ಹೇಳಬೇಕು.

ನನ್ನ ಹೊಟ್ಟೆ ಉರಿಸಿದ್ದು ಅದೇ ಕಾಯ್ದೆಯ 4ನೇ ಕಲಮು. ಹೊಡೆತ ತಿಂದವಳೇ ಹೋಗಬೇಕಂತಿಲ್ಲ. ಹಿಂಸೆ ನಡೆದಿದೆ ಅಂತ ಅನ್ನಿಸಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದಿತ್ತು, ಆ ರಾತ್ರಿಯೇ ಅಪಾಯ ಅನ್ನಿಸಿದ್ದರೆ ತುರ್ತು ಸಹಾಯದ 112ಕ್ಕೆ ಮಾಡಬಹುದಿತ್ತು. ಬಣ್ಣದವನಿಗೂ ದಾರಿ ಇತ್ತು. ಅಂಥ ಸಂಗತಿ ಇಟ್ಟುಕೊಂಡು ನಾಟಕ ಆಡಿದ ತಂಡದ ಕರಪತ್ರದಲ್ಲಿ ಶೇ 44 ಇತ್ತು, ಪ್ರಾಯೋಜಕರ ಫೋಟೊ ಇತ್ತು, 181 ಇರಲಿಲ್ಲ. ಪ್ರೂಫ್ ನೋಡಿದವನು ಯಾರು ಅಂತ ಮೇಲೆ ಹೇಳಿದ್ದೇನೆ.

ಗಿರಿಜೆ ಈಗ ಮಗುವಿನ ಜೊತೆ ತವರಿನಲ್ಲಿದ್ದಾಳೆ. ಅರ್ಜಿ ನಡೆಯುತ್ತಿದೆ. 60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆಯಲ್ಲಿದೆ, ತಾರೀಖುಗಳು ಅವುಗಳ ಪಾಡಿಗೆ ಬೀಳುತ್ತಿವೆ. ಗಂಡ ದಾರಿಯಲ್ಲಿ ಸಿಕ್ಕರೆ ಈಗಲೂ ‘ಅಣ್ಣಾವ್ರೆ’ ಅಂತಾನೆ. ನಾನು ನಿಲ್ಲುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಕೊಪ್ಪಳದಲ್ಲಿ ಒಂದು ಪ್ರದರ್ಶನ ಕುದುರಿತು. ಬದಲಿ ನಟಿಯ ಕೈಲಿ ಪಾತ್ರ ಏಳುತ್ತಿರಲಿಲ್ಲ. ಗಿರಿಜೆ ತಾನೇ ಫೋನ್ ಮಾಡಿ ಬರುತ್ತೇನೆ ಅಂದಳು, ಒಂದು ಷರತ್ತು ಹಾಕಿ: ಕುತ್ತಿಗೆಗೆ ಬಣ್ಣ ಬೇಡ. ನಿರ್ದೇಶಕ ಗೊಣಗಿದ, ಥ್ರಿಲ್ಲರಿನ ಸುಳಿವೇ ಅದು, ಜನಕ್ಕೆ ಗೊತ್ತಾಗೋದು ಹೇಗೆ ಅಂದ. ಅವಳು ಎರಡನೇ ದೃಶ್ಯದ ಮಾತನ್ನು ಗೊಗ್ಗರು ದನಿಯಲ್ಲಿ ಹೇಳಿ ತೋರಿಸಿದಳು. ಒಂದೊಂದು ಶಬ್ದಕ್ಕೂ ನುಂಗುತ್ತಾ. ಅವನು ಮತ್ತೆ ಮಾತಾಡಲಿಲ್ಲ. ಹಿಂದಿನ ಸಾಲಿಗೂ ಕೇಳಿಸಿತು ಅದು. ಆಂಬರಿಗೆ ಅಳಿಸಲೂ ಆಗಲಿಲ್ಲ.

ಲೆಕ್ಕ ಚುಕ್ತಾ ಮಾಡುವಾಗ ಮ್ಯಾನೇಜರ್ ನನ್ನ ಬಿಲ್ಲು ಹಿಡಿದುಕೊಂಡು ಬಂದ. ‘ಗಾಯದ ಮೇಕಪ್ ಇರಲಿಲ್ಲ, ಆದರೂ ರೇಟು ಅಷ್ಟೇ ಹಾಕಿದ್ದೀರಲ್ಲ?’ ಅಂದ. ನಾನು ಟೀಚರಮ್ಮನ ಕಡೆ ನೋಡಿದೆ. ಅವರು ಚಹಾ ಕುಡಿಯುತ್ತಾ, ‘ಕೊಡ್ರಿ ಅವರಿಗೆ. ಜೇಷ್ಠಮಧುವಿನ ರೊಕ್ಕ ಕಳೆದು ಕೊಡ್ರಿ’ ಅಂದರು. ಗಿರಿಜೆಗೆ ನಗು ತಡೆಯಲಾಗಲಿಲ್ಲ. ಮ್ಯಾನೇಜರನಿಗೆ ಏನೂ ಅರ್ಥವಾಗಲಿಲ್ಲ, ಪೂರ್ತಿ ಕೊಟ್ಟ.